ಮೊದಲ ಸಲ ಹೇಂಟೆಯನ್ನು ಕಾವಿಗೆ ಕೂರಿಸುತ್ತಿದ್ದೇವೆ: ಯಾವ ಮೊಟ್ಟೆ ಇಡಬೇಕು, ಎಲ್ಲಿ ಕೂರಿಸಬೇಕು?

ಪ್ರಶ್ನೆ: ತೋಟದಮನೆ (ಅರಸೀಕೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟ. ಹಿತ್ತಲಿನಲ್ಲಿ ಐದಾರು ನಾಟಿ ಹೇಂಟೆಗಳೂ ಒಂದು ಹುಂಜವೂ ಇವೆ. ಮನೆಯ ಖರ್ಚಿಗೆ ಮೊಟ್ಟೆ ಸಿಗಲೆಂದು ಸಾಕಿದ್ದೇವೆಯೇ ಹೊರತು ಇದುವರೆಗೆ ಮರಿ ಮಾಡಿಸಿಲ್ಲ. ಈಗ ಅವುಗಳಲ್ಲಿ ಕೆಂಪು ಹೇಂಟೆಯೊಂದು ಮೊಟ್ಟೆ ಇಡುವುದನ್ನು ನಿಲ್ಲಿಸಿ, ಕೊಟ್ಟಿಗೆಯ ಮೂಲೆಯಲ್ಲಿರುವ ಹಳೆಯ ಮಂಕರಿಯೊಳಗೆ ಕುಳಿತುಬಿಟ್ಟಿದೆ. ಹತ್ತಿರ ಹೋದರೆ ಮೈಯುಬ್ಬಿಸಿಕೊಂಡು ಗೊರಗೊರ ಸದ್ದು ಮಾಡುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ಎತ್ತಿ ಹೊರಗೆ ಬಿಟ್ಟರೂ ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲಿಗೇ ಹೋಗಿ ಕೂರುತ್ತದೆ. ಇದು ನಿಜವಾಗಿಯೂ ಕಾವಿಗೆ ಕುಳಿತ ಲಕ್ಷಣವೇ, ಅಥವಾ ಕಾಯಿಲೆ ಬಿದ್ದ ಕೋಳಿಯೂ ಹೀಗೆ ಕೂರುವುದುಂಟೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಮೊಟ್ಟೆಗಳ ವಿಷಯ. ಫ್ರಿಜ್‌ನಲ್ಲಿ ಒಂದಷ್ಟು ಮೊಟ್ಟೆಗಳಿವೆ, ಅಡುಗೆಮನೆಯ ಬುಟ್ಟಿಯಲ್ಲಿ ಇನ್ನೊಂದಷ್ಟು ಇವೆ. ಎಲ್ಲವೂ ನಮ್ಮ ಕೋಳಿಗಳದ್ದೇ; ಆದರೆ ಯಾವುದು ಯಾವ ದಿನದ್ದೆಂದು ಗುರುತು ಹಾಕಿಟ್ಟಿಲ್ಲ. ಇವುಗಳನ್ನೇ ಇಡಬಹುದೇ? ಒಂದು ಹೇಂಟೆಗೆ ಎಷ್ಟು ಮೊಟ್ಟೆ ಸರಿ? ಅದು ಕುಳಿತಿರುವ ಮಂಕರಿಗೇ ಉಳಿದ ಹೇಂಟೆಗಳೂ ಮೊಟ್ಟೆ ಇಡಲು ಬರುತ್ತವೆ. ಆದ್ದರಿಂದ ಅದನ್ನು ಬೇರೆ ಕಡೆಗೆ ಸಾಗಿಸಬೇಕೋ, ಸಾಗಿಸಿದರೆ ಕಾವು ಬಿಟ್ಟು ಎದ್ದುಬಿಡುತ್ತದೆಯೋ ತಿಳಿಯುತ್ತಿಲ್ಲ.

ನಮ್ಮ ಅತ್ತೆಯವರು ಮೊಟ್ಟೆಗಳ ಸಂಖ್ಯೆ ಬೆಸವಾಗಿರಬೇಕು, ಮಂಕರಿಯ ತಳದಲ್ಲಿ ಕಬ್ಬಿಣದ ಚೂರು, ಇದ್ದಿಲು ಮತ್ತು ಒಣಮೆಣಸಿನಕಾಯಿ ಇಡಬೇಕು, ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಕೆಡುತ್ತವೆ ಎನ್ನುತ್ತಾರೆ. ಯುಗಾದಿ ಕಳೆದಿದೆ, ರೇವತಿ ಮಳೆಯೂ ಒಂದು ಸಲ ಗುಡುಗಿ ಹೋಗಿದೆ, ಬಿಸಿಲು ದಿನದಿಂದ ದಿನಕ್ಕೆ ಏರುತ್ತಿದೆ. ಈ ಕಾಲದಲ್ಲಿ ಕೂರಿಸುವುದೇ ತಪ್ಪೋ ಎಂಬ ಅನುಮಾನವೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.


ಉತ್ತರ: ಕಲ್ಪತರುನಾಡು (ತಿಪಟೂರು)

ನೀವು ವಿವರಿಸಿರುವುದು ಕಾವಿನ ಲಕ್ಷಣವೇ. ಕಾಯಿಲೆಯ ಕೋಳಿ ತೂಕಡಿಸುತ್ತಾ ರೆಕ್ಕೆ ಇಳಿಬಿಟ್ಟು ನಿಲ್ಲುತ್ತದೆ, ಎತ್ತಿದರೆ ಪ್ರತಿಭಟಿಸುವುದಿಲ್ಲ, ಹಿಕ್ಕೆ ನೀರಾಗಿಯೋ ಹಸಿರಾಗಿಯೋ ಇರುತ್ತದೆ. ಕಾವಿನ ಹೇಂಟೆಗೆ ಸಿಟ್ಟು ಹೆಚ್ಚು, ಕಣ್ಣು ಚುರುಕು. ಅದು ದಿನಕ್ಕೊಮ್ಮೆ ಎದ್ದು, ದುರ್ವಾಸನೆಯ ದೊಡ್ಡ ಮುದ್ದೆ ಹಿಕ್ಕೆ ಹಾಕಿ, ಗಡಿಬಿಡಿಯಲ್ಲಿ ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು, ಮತ್ತೆ ಓಡಿಹೋಗಿ ಕೂರುತ್ತದೆ. ಇನ್ನೂ ಖಚಿತವಾಗಬೇಕಾದರೆ ಎದೆಯ ಕೆಳಗೆ ಕೈಯಿಟ್ಟು ನೋಡಿ. ಅಲ್ಲಿನ ಪುಕ್ಕ ಉದುರಿ ಚರ್ಮ ಬರಿದಾಗಿ, ಮುಟ್ಟಿದರೆ ಬೆಚ್ಚಗಿರುತ್ತದೆ.

ಹಾಗಿದ್ದರೂ ಮೊದಲ ದಿನವೇ ಒಳ್ಳೆಯ ಮೊಟ್ಟೆಗಳನ್ನು ಒಪ್ಪಿಸಬೇಡಿ. ಎರಡು ಮೂರು ರಾತ್ರಿ ಅದು ಜಾಗ ಬಿಡದೆ ಕೂರುತ್ತದೆಯೇ ಎಂದು ಗಮನಿಸಿ. ಕತ್ತಲಾದ ಮೇಲೆ ಉಳಿದ ಕೋಳಿಗಳೆಲ್ಲ ಗೂಡು ಸೇರಿದಾಗಲೂ ಇದು ಮಂಕರಿಯಲ್ಲಿಯೇ ಉಳಿದರೆ ನಂಬಬಹುದು. ಅಲ್ಲಿಯವರೆಗೆ ಬೇಡವಾದ ಹಳೆಯ ಮೊಟ್ಟೆ ಎರಡನ್ನು ಅದರ ಅಡಿಗೆ ಇಟ್ಟಿರಿ.

ಜಾಗವನ್ನು ಖಂಡಿತ ಬದಲಿಸಬೇಕು. ಬೇರೆ ಹೇಂಟೆಗಳು ಬಂದು ಹೋಗುವ ಕಡೆ ಕೂರಿಸಿದರೆ ಮೂರು ತೊಂದರೆಗಳಿವೆ: ಅವು ಜಗಳಕ್ಕೆ ಬಿದ್ದು ಮೊಟ್ಟೆ ಒಡೆಯುತ್ತವೆ, ಹೊಸ ಮೊಟ್ಟೆಗಳನ್ನು ಇಟ್ಟು ಲೆಕ್ಕ ಕೆಡಿಸುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಮೊದಲ ಮರಿಗಳು ಹೊರಬಂದ ಕೂಡಲೇ ತಾಯಿ ಎದ್ದು ಹೋಗುವುದರಿಂದ ನಂತರ ಬಿದ್ದ ಮೊಟ್ಟೆಗಳೊಳಗಿನ ಅರೆಬೆಳೆದ ಮರಿಗಳು ತಣ್ಣಗಾಗಿ ಸಾಯುತ್ತವೆ. ಸಾಗಿಸುವುದನ್ನು ರಾತ್ರಿಯೇ ಮಾಡಿ. ಹಗಲು ಸಾಗಿಸಿದ ಹೇಂಟೆ ಹಳೆಯ ಜಾಗಕ್ಕೇ ಓಡುತ್ತದೆ. ಕತ್ತಲಲ್ಲಿ ಸಾಗಿಸಿದ್ದು ಬೆಳಗಾಗುವಷ್ಟರಲ್ಲಿ ಹೊಸ ಜಾಗಕ್ಕೆ ಹೊಂದಿಕೊಂಡಿರುತ್ತದೆ. ಸಾಧ್ಯವಾದರೆ ಹೇಂಟೆಯನ್ನು ಎತ್ತದೆ ಮಂಕರಿಯ ಸಮೇತ ಸಾಗಿಸುವುದು ಉತ್ತಮ. ಹೊಸ ಜಾಗ ಮಬ್ಬುಗತ್ತಲಿನದಾಗಿದ್ದು, ನಾಯಿ, ಬೆಕ್ಕು, ಹೆಗ್ಗಣ ನುಗ್ಗದಂತಿರಬೇಕು. ತೆಂಗಿನ ತೋಟದ ಮನೆಗಳಲ್ಲಿ ಕೇರೆ ಹಾವಿನ ಕಾಟವೂ ಇರುತ್ತದೆಯಾದ್ದರಿಂದ ಬಾಗಿಲಿನ ಸಂದಿಯನ್ನೂ ಕಿಟಕಿಯನ್ನೂ ಸಣ್ಣ ಕಣ್ಣಿನ ಜಾಲರಿಯಿಂದ ಮುಚ್ಚಿ.

ಮಂಕರಿಯ ತಳಕ್ಕೆ ಒಂದು ಹಿಡಿ ಒಲೆಬೂದಿ ಮತ್ತು ಒಣಗಿದ ಬೇವಿನ ಸೊಪ್ಪು ಹಾಕಿ, ಅದರ ಮೇಲೆ ಹುಲ್ಲನ್ನು ನಡುವೆ ತುಸು ತಗ್ಗಾಗುವಂತೆ ಹರಡಿ. ತಗ್ಗು ತೀರಾ ಆಳವಾದರೆ ಮೊಟ್ಟೆಗಳು ಒಂದರ ಮೇಲೊಂದು ಬೀಳುತ್ತವೆ, ಸಮತಟ್ಟಾದರೆ ಅಂಚಿಗೆ ಉರುಳಿ ತಣ್ಣಗಾಗುತ್ತವೆ. ಕೋಳಿ ಹೇನಿನ ಬಗ್ಗೆ ಉದಾಸೀನ ಬೇಡ. ಹೇನು ಹತ್ತಿದ ಹೇಂಟೆ ಎಷ್ಟೇ ಒಳ್ಳೆಯ ತಾಯಿಯಾಗಿದ್ದರೂ ಅರ್ಧದಲ್ಲಿ ಎದ್ದುಬಿಡುತ್ತದೆ. ಅದು ಮೈ ಹೊರಳಾಡಿಸಲು ಹತ್ತಿರದಲ್ಲೇ ಒಣ ಮಣ್ಣು ಮತ್ತು ಬೂದಿಯ ಗುಂಡಿ ಮಾಡಿಡಿ. ಆಹಾರಕ್ಕೆ ಇಡೀ ಕಾಳು ಒಳ್ಳೆಯದು. ರಾಗಿ, ಮುಸುಕಿನ ಜೋಳದ ನುಚ್ಚು, ಭತ್ತ ಸಾಕು. ಅನ್ನ, ಮುಸುರೆ ಬೇಡ, ಹಿಕ್ಕೆ ತೆಳುವಾಗಿ ಗೂಡು ಹೊಲಸಾಗುತ್ತದೆ.

ನಾಟಿ ಹೇಂಟೆಯ ಅಡಿಗೆ ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಕುಳಿತಾಗ ಒಂದು ಮೊಟ್ಟೆಯೂ ಹೊರಗೆ ಕಾಣಬಾರದು, ಅದೇ ಅಳತೆ. ಕಂಡರೆ ಅದೊಂದನ್ನು ತೆಗೆಯಿರಿ. ಏಕೆಂದರೆ ಹೇಂಟೆ ದಿನವಿಡೀ ಮೊಟ್ಟೆಗಳನ್ನು ಒಳಗೂ ಹೊರಗೂ ಹೊರಳಿಸುತ್ತಿರುವುದರಿಂದ ಹೊರಗೆ ಉಳಿಯುವ ಸರದಿ ಪ್ರತಿಯೊಂದಕ್ಕೂ ಬಂದು, ಒಂದರ ಆಸೆಗೆ ನಾಲ್ಕು ಕೆಡುತ್ತವೆ.


ಉತ್ತರ: ನಿವೃತ್ತ ಪಶುವೈದ್ಯ

ಮೇಲಿನವರು ಹೇಳಿದ ವಿಷಯಗಳನ್ನು ಮತ್ತೆ ಹೇಳುವುದಿಲ್ಲ. ಮೊಟ್ಟೆಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಮರಿಯಾಗದ ಮೊಟ್ಟೆಗಳಲ್ಲಿ ಹೆಚ್ಚಿನವು ಕಾವಿಗೆ ಇಡುವ ಮೊದಲೇ ಕೆಟ್ಟಿರುತ್ತವೆ.

ಫ್ರಿಜ್‌ನಲ್ಲಿರುವುದನ್ನು ಅಡುಗೆಗೆ ಬಳಸಿ. ಅಷ್ಟು ತಣ್ಣಗೆ ಇಟ್ಟ ಮೊಟ್ಟೆಯಲ್ಲಿ ಭ್ರೂಣ ಬದುಕುವ ಸಾಧ್ಯತೆ ತೀರಾ ಕಡಿಮೆ, ಹೊರಗೆ ತೆಗೆದೊಡನೆ ಚಿಪ್ಪಿನ ಮೇಲೆ ಬೆವರುವ ನೀರಿನೊಂದಿಗೆ ರೋಗಾಣುಗಳೂ ಒಳಗೆ ಇಳಿಯುತ್ತವೆ. ಬುಟ್ಟಿಯಲ್ಲಿರುವವು ಯಾವ ದಿನದವೆಂದು ಗೊತ್ತಿಲ್ಲವಾದ್ದರಿಂದ ಅವನ್ನೂ ನಾನು ಇಡುವುದಿಲ್ಲ. ಹೇಂಟೆ ಹಳೆಯ ಮೊಟ್ಟೆಗಳ ಮೇಲೆ ಕುಳಿತಿರುವಷ್ಟು ದಿನ ನೀವು ಹೊಸದಾಗಿ ಸಂಗ್ರಹಿಸಿ. ಇತರ ಹೇಂಟೆಗಳು ಇಟ್ಟದ್ದನ್ನು ಆಯಾ ದಿನವೇ ತೆಗೆದು, ಚಿಪ್ಪಿನ ಮೇಲೆ ಪೆನ್ಸಿಲ್ಲಿನಿಂದ ತಾರೀಖು ಬರೆದು, ಚೂಪು ತುದಿ ಕೆಳಗಾಗುವಂತೆ ಇಡಿ. ಸಾಮಾನ್ಯವಾಗಿ ಏಳು ದಿನದೊಳಗಿನ ಮೊಟ್ಟೆ ಇಡಬಹುದು ಎನ್ನುತ್ತೇವೆ, ಆದರೆ ಈ ಬಿಸಿಲಿನಲ್ಲಿ ನಾಲ್ಕೈದು ದಿನಕ್ಕಿಂತ ಹಳೆಯದು ಬೇಡ. ಮೊಟ್ಟೆಯೊಳಗಿನ ಬೆಳವಣಿಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪೂರ್ತಿ ನಿದ್ರಿಸುತ್ತಿರುತ್ತದೆ. ಅಡುಗೆಮನೆಯ ಬೇಸಗೆಯ ಶಾಖ ಅದನ್ನು ಅರೆಬರೆ ಎಬ್ಬಿಸುತ್ತದೆಯೇ ಹೊರತು ಸರಿಯಾಗಿ ಬೆಳೆಸಲಾರದು; ಹೀಗೆ ಎದ್ದು ನಿತ್ರಾಣಗೊಂಡ ಭ್ರೂಣ ಕಾವಿಗೆ ಇಟ್ಟ ಮೊದಲ ವಾರದಲ್ಲೇ ಸಾಯುತ್ತದೆ. ಮಣ್ಣಿನ ಕುಡಿಕೆಯನ್ನು ಒದ್ದೆ ಮರಳಿನ ಮೇಲೆ ಇರಿಸಿ, ಅದರೊಳಗೆ ಒಣ ರಾಗಿ ತುಂಬಿ, ರಾಗಿಯ ಮೇಲೆ ಮೊಟ್ಟೆಗಳನ್ನು ಜೋಡಿಸಿ, ಒದ್ದೆ ಗೋಣಿಯನ್ನು ಕುಡಿಕೆಯ ಹೊರಗೆ ಸುತ್ತಿಟ್ಟರೆ ಹಳ್ಳಿಮನೆಯಲ್ಲಿ ಅದಕ್ಕಿಂತ ತಂಪಾದ ಏರ್ಪಾಡು ಬೇಕಿಲ್ಲ.

ಮೊಟ್ಟೆಯನ್ನು ತೊಳೆಯಬೇಡಿ. ಚಿಪ್ಪಿನ ಮೇಲೆ ಸಹಜವಾಗಿರುವ ತೆಳುವಾದ ಲೇಪನ ಹೋದರೆ ರಂಧ್ರಗಳು ತೆರೆದುಕೊಳ್ಳುತ್ತವೆ. ಹಿಕ್ಕೆ ಮೆತ್ತಿದವು, ಬಿರುಕು ಬಿಟ್ಟವು, ತೀರಾ ಸಣ್ಣವು, ತೀರಾ ಉದ್ದವಾದವು ಬೇಡ. ಐದಾರು ಹೇಂಟೆಗಳಿಗೆ ಒಂದು ಹುಂಜ ಧಾರಾಳ. ಹುಂಜ ಎಂಟು ಹತ್ತು ಹೇಂಟೆಗಳನ್ನು ನಿಭಾಯಿಸುತ್ತದೆ. ಎಲ್ಲವನ್ನೂ ಒಂದೇ ರಾತ್ರಿ ಇಡಿ, ಹಳೆಯ ಮೊಟ್ಟೆಗಳನ್ನು ಆಗಲೇ ತೆಗೆದುಬಿಡಿ. ಕೋಳಿಮೊಟ್ಟೆಗೆ ಬೇಕಾದದ್ದು 21 ದಿನ, ಅಂದರೆ ಭಾನುವಾರ ರಾತ್ರಿ ಇಟ್ಟರೆ ಮೂರನೆಯ ಭಾನುವಾರದ ಆಸುಪಾಸಿನಲ್ಲಿ ಮರಿ. ನೆರೆಯವರಿಂದ ಗಿರಿರಾಜ ಕೋಳಿಯ ಮೊಟ್ಟೆ ಸಿಕ್ಕರೆ ಅದನ್ನೂ ನಾಟಿ ಹೇಂಟೆಯ ಅಡಿಗೆ ಇಡಬಹುದು. ಗಾತ್ರ ದೊಡ್ಡದಾದ್ದರಿಂದ ಏಳೆಂಟಕ್ಕೆ ನಿಲ್ಲಿಸಬೇಕು.

ಬಿಸಿಲಿನ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾದದ್ದೇ. ಆಯ್ಕೆ ಇದ್ದಿದ್ದರೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಉತ್ತಮ ಎನ್ನುತ್ತಿದ್ದೆ. ಆದರೆ ಕಾವಿನ ಹೇಂಟೆ ಪಂಚಾಂಗ ನೋಡಿ ಕೂರುವುದಿಲ್ಲ. ತಗಡಿನ ಅಥವಾ ಸಿಮೆಂಟ್ ಶೀಟಿನ ಸೂರಿನ ಕೆಳಗೆ ಮಾತ್ರ ಕೂರಿಸಬೇಡಿ. ಹೆಂಚಿನ ಮನೆಯ ನೆಲದ ಮೇಲಿನ ಮೂಲೆ ಆದರೆ ಈಗಲೂ ಆಗಬಹುದು.


ಉತ್ತರ: ಮಸಾರಿಹೊಲ (ರಾಯಚೂರು)

ನಮ್ಮ ಕಡೆಯ ಬಿಸಿಲಿನ ಮುಂದೆ ಅರಸೀಕೆರೆಯ ಬಿಸಿಲು ದೊಡ್ಡದಲ್ಲ, ಆದರೂ ನಮ್ಮಲ್ಲಿ ಬೇಸಗೆಯಲ್ಲಿ ಜವಾರಿ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಬುಟ್ಟಿಯ ತಳಕ್ಕೆ ನಾಲ್ಕು ಬೆರಳು ದಪ್ಪ ಮರಳು ಹಾಕಿ, ಅದರ ಮೇಲೆ ಹುಲ್ಲು ಹಾಕುವುದು ವಾಡಿಕೆ. ಕೊನೆಯ ವಾರದಲ್ಲಿ ಹೇಂಟೆ ಎದ್ದು ಹೋದ ಹೊತ್ತಿನಲ್ಲಿ ಬುಟ್ಟಿಯ ಅಂಚಿನ ಮರಳಿಗೆ ಒಂದು ಲೋಟ ನೀರು ಚಿಮುಕಿಸಿದರೆ ಮೇಲಿನ ಹುಲ್ಲು ಒಣಗಿಯೇ ಇದ್ದು ಅಡಿಯಿಂದ ತಂಪು ಏರುತ್ತದೆ. ಗಾಳಿ ತೀರಾ ಒಣಗಿದ್ದರೆ ಚಿಪ್ಪಿನ ಒಳಪೊರೆ ಗಟ್ಟಿಯಾಗಿ ಮರಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮೊಟ್ಟೆಗೇ ನೀರು ಚಿಮುಕಿಸುವವರಿದ್ದಾರೆ, ಅದು ನನಗೆ ಒಪ್ಪಿಗೆಯಿಲ್ಲ.

ಕಬ್ಬಿಣ, ಇದ್ದಿಲು, ಮೆಣಸಿನಕಾಯಿಯ ಬಗ್ಗೆ: ನಮ್ಮಲ್ಲಿಯೂ ಇಡುತ್ತಾರೆ. ಗುಡುಗಿನ ಕಾಲವೂ ಬಿಸಿಲಿನ ಕಾಲವೂ ಒಂದೇ ಆದ್ದರಿಂದ ಬಿಸಿಲು ಕೆಡಿಸಿದ ಮೊಟ್ಟೆಯ ಅಪವಾದ ಗುಡುಗಿನ ಮೇಲೆ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ ಕೂರಿಸಿದ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಕೆಡುವುದು ನಿಜ. ಆದರೆ ಅವು ಕೆಡುವುದಕ್ಕೆ ಡಾಕ್ಟರು ಹೇಳಿದ ಕಾರಣವೇ ಸಾಕು. ಹಾಗೆಂದು ಅತ್ತೆಯವರ ಮಾತನ್ನು ತೆಗೆದುಹಾಕಬೇಕಿಲ್ಲ. ಒಂದು ಮೊಳೆ, ಎರಡು ಇದ್ದಿಲು ಹುಲ್ಲಿನ ಅಡಿಗೆ ಹೋದರೆ ಮೊಟ್ಟೆಗೆ ಹಾನಿಯಿಲ್ಲ, ಮನೆಯಲ್ಲಿ ನೆಮ್ಮದಿಯೂ ಇರುತ್ತದೆ. ಮೊಳೆಯ ಚೂಪು ಮಾತ್ರ ಮೇಲಕ್ಕೆ ಬಾರದಂತೆ ನೋಡಿಕೊಳ್ಳಿ. ಬೆಸ ಸಂಖ್ಯೆಯೂ ಅಷ್ಟೇ, ಹನ್ನೊಂದು ಇಟ್ಟರೆ ಇಬ್ಬರ ಮಾತೂ ನಡೆಯುತ್ತದೆ.

ಕೊನೆಯಲ್ಲಿ ಮೊಟ್ಟೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು, ಅಲುಗಾಡಿದ್ದು ಬದುಕಿದೆ, ಸುಮ್ಮನಿದ್ದದ್ದು ಸತ್ತಿದೆ ಎಂದು ಪರೀಕ್ಷಿಸುವ ರೂಢಿ ನಮ್ಮಲ್ಲಿದೆ. ಡಾಕ್ಟರು ಇದರ ಬಗ್ಗೆ ಏನು ಹೇಳುತ್ತಾರೋ ತಿಳಿಯುವ ಕುತೂಹಲವಿದೆ.


ಉತ್ತರ: ನಿವೃತ್ತ ಪಶುವೈದ್ಯ

ಆ ಪರೀಕ್ಷೆ ಬೇಡವೇ ಬೇಡ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿದ್ದರೂ ನೀರು ಒಳಗೆ ಹೋಗಿ ಬದುಕಿರುವ ಮರಿ ಉಸಿರುಕಟ್ಟಿ ಸಾಯುತ್ತದೆ. ಸುಮ್ಮನಿರುವ ಮೊಟ್ಟೆಯಲ್ಲಿ ಮರಿ ನಿದ್ರಿಸುತ್ತಿರಬಹುದು. ಬದುಕಿದ್ದನ್ನೂ ಸತ್ತದ್ದನ್ನೂ ತಿಳಿಯಲು ಬೆಳಕಿಗಿಂತ ಒಳ್ಳೆಯ ಸಾಧನವಿಲ್ಲ. ಏಳನೆಯ ರಾತ್ರಿ ಕೋಣೆಯನ್ನು ಕತ್ತಲು ಮಾಡಿ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ಅಗಲ ತುದಿಯನ್ನು ಒತ್ತಿಹಿಡಿದು, ಬೆಳಕು ಸೋರದಂತೆ ಸುತ್ತಲೂ ಬೆರಳು ಮುಚ್ಚಿ ನೋಡಿ. ಬೆಳೆಯುತ್ತಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಅದರಿಂದ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳೂ ಕಾಣುತ್ತವೆ. ಏನೂ ಕಾಣದೆ ಬರೀ ಹಳದಿ ಬೆಳಕು ತುಂಬಿಕೊಂಡರೆ ಅದು ಹುಂಜದ ಸಂಪರ್ಕವಿಲ್ಲದ ಮೊಟ್ಟೆ. ನರಗಳಿಲ್ಲದೆ ಕೆಂಪು ಉಂಗುರವೊಂದೇ ಕಂಡರೆ ಬೆಳವಣಿಗೆ ಆರಂಭವಾಗಿ ನಿಂತುಹೋಗಿದೆ. ಈ ಎರಡನ್ನೂ ತೆಗೆದುಬಿಡಬೇಕು, ಏಕೆಂದರೆ ಕೊಳೆತ ಮೊಟ್ಟೆ ಹೇಂಟೆಯ ಅಡಿಯಲ್ಲಿ ಸಿಡಿದರೆ ಆ ದ್ರವ ಒಳ್ಳೆಯ ಮೊಟ್ಟೆಗಳ ರಂಧ್ರಗಳನ್ನೂ ಸೇರುತ್ತದೆ. ಅನುಮಾನವಿದ್ದದ್ದನ್ನು ಉಳಿಸಿ, ಹದಿನಾಲ್ಕನೆಯ ರಾತ್ರಿ ಮತ್ತೊಮ್ಮೆ ನೋಡಿ. ಹದಿನೆಂಟನೆಯ ದಿನದ ನಂತರ ಮೊಟ್ಟೆಗಳನ್ನು ಮುಟ್ಟಬೇಡಿ.

ಹೇಂಟೆಯನ್ನು ಎತ್ತುವಾಗ ಒಂದು ಎಚ್ಚರಿಕೆ. ಅದು ರೆಕ್ಕೆಯ ಕಂಕುಳಲ್ಲಿ ಒಂದೆರಡು ಮೊಟ್ಟೆ ಅವುಚಿಕೊಂಡಿರುತ್ತದೆ. ಮೊದಲು ಎರಡೂ ರೆಕ್ಕೆಗಳ ಕೆಳಗೆ ಬೆರಳಾಡಿಸಿ, ಅವನ್ನು ಬಿಡಿಸಿ, ಆಮೇಲೆ ಎತ್ತಿ.


ತೋಟದಮನೆ (ಅರಸೀಕೆರೆ)

ಎಲ್ಲರಿಗೂ ಕೃತಜ್ಞತೆಗಳು. ನೀವು ತಿಳಿಸಿದಂತೆ ರಾತ್ರಿ ಮಂಕರಿಯ ಸಮೇತ ಹೆಂಚಿನ ಸೂರಿನ ಉಗ್ರಾಣಕ್ಕೆ ಸಾಗಿಸಿ, ಹೊಸ ಮೊಟ್ಟೆ ಹನ್ನೊಂದನ್ನು ಇಟ್ಟಿದ್ದೆವು. ವಾರ ಕಳೆದ ಮೇಲೆ ಬೆಳಕಿಗೆ ಹಿಡಿದು ನೋಡಿದಾಗ ಒಂಬತ್ತರಲ್ಲಿ ನರಗಳು ಸ್ಪಷ್ಟವಾಗಿ ಕಂಡವು. ಒಂದರಲ್ಲಿ ಕಪ್ಪು ಚುಕ್ಕೆ ಅಲುಗಾಡಿದ್ದನ್ನು ಅತ್ತೆಯವರೂ ನೋಡಿದರು. ಅಷ್ಟಾದ ಮೇಲೂ ಮೊಳೆ ತೆಗೆಯಲು ಅವರ ಒಪ್ಪಿಗೆಯಿಲ್ಲ. ಖಾಲಿಯಾಗಿದ್ದ ಒಂದನ್ನೂ ಉಂಗುರ ಕಂಡ ಇನ್ನೊಂದನ್ನೂ ತೆಗೆದೆವು.

ಈಗ ಎರಡು ವಿಷಯ ಕೇಳಬೇಕಿದೆ. ಹೇಂಟೆ ಕೆಲವು ದಿನ ತಾನಾಗಿ ಎದ್ದು ಬರುವುದೇ ಇಲ್ಲ. ಹಾಗೆ ಬಿಟ್ಟರೆ ಸೊರಗುವುದಿಲ್ಲವೇ? ಇನ್ನು, ಮರಿ ಚಿಪ್ಪು ಒಡೆಯಲು ಆರಂಭಿಸಿ ಹೊರಬರಲಾರದೆ ಒದ್ದಾಡುತ್ತಿದ್ದರೆ ನಾವು ಚಿಪ್ಪು ಬಿಡಿಸಿ ಸಹಾಯ ಮಾಡಬಹುದೇ?


ಉತ್ತರ: ಕಲ್ಪತರುನಾಡು (ತಿಪಟೂರು)

ಎರಡು ದಿನ ಸತತವಾಗಿ ಏಳದಿದ್ದರೆ ನೀವೇ ಎತ್ತಿ ಕಾಳು ನೀರಿನ ಮುಂದೆ ಬಿಡಿ. ಹದಿನೈದು ಇಪ್ಪತ್ತು ನಿಮಿಷ ಹೊರಗಿದ್ದರೆ ಮೊಟ್ಟೆಗಳಿಗೆ ಏನೂ ಆಗುವುದಿಲ್ಲ, ಈ ಸೆಕೆಯಲ್ಲಂತೂ ಅರ್ಧ ಗಂಟೆಯೂ ನಡೆಯುತ್ತದೆ. ತೂಕ ಸ್ವಲ್ಪ ಇಳಿಯುವುದು ಸಹಜ. ಜುಟ್ಟಿನ ಬಣ್ಣವೂ ಮಂಕಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಹತ್ತೊಂಬತ್ತನೆಯ ದಿನದಿಂದ ಮಾತ್ರ ಎತ್ತಲು ಹೋಗದೆ, ಕೂತಲ್ಲಿಗೇ ಕೊಕ್ಕು ತಾಗುವಷ್ಟು ಹತ್ತಿರ ನೀರು ಇಡಿ. ಆಗ ಕಿವಿಗೊಟ್ಟರೆ ಚಿಪ್ಪಿನೊಳಗಿನಿಂದಲೇ ಮರಿ ಚಿಂವ್‌ಗುಟ್ಟುವುದೂ ಅದಕ್ಕೆ ಹೇಂಟೆ ತಗ್ಗಿದ ದನಿಯಲ್ಲಿ ಉತ್ತರಿಸುವುದೂ ಕೇಳುತ್ತದೆ. ಆ ದನಿ ಬೇರೆಯೇ, ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಚಿಪ್ಪು ಬಿಡಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ: ಒಂದು ಹಗಲು ಒಂದು ರಾತ್ರಿ ಕಾದ ಮೇಲೂ ಬಾರದಿದ್ದರೆ ಸ್ವಲ್ಪ ಬಿಡಿಸಬಹುದು. ನಮ್ಮ ಮನೆಯಲ್ಲಿ ಹಾಗೆ ಬದುಕಿದ ಮರಿಗಳಿವೆ.


ಉತ್ತರ: ನಿವೃತ್ತ ಪಶುವೈದ್ಯ

ಬದುಕಿದ ಮರಿಗಳು ನೆನಪಿನಲ್ಲಿ ಉಳಿಯುತ್ತವೆ. ರಕ್ತ ಸೋರಿ ಸತ್ತವನ್ನು ಯಾರೂ ಲೆಕ್ಕ ಇಡುವುದಿಲ್ಲ. ಮೊದಲ ಬಿರುಕು ಕಂಡ ಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಒಳಪೊರೆಯ ರಕ್ತನಾಳಗಳ ರಕ್ತ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ಬಿರುಕಿನಿಂದ ಹೊರಬರುವವರೆಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯುವುದು ಸಾಮಾನ್ಯ. ಮೊದಲೇ ಬಿಡಿಸಿದರೆ ಈ ಎರಡು ಕೆಲಸಗಳೂ ಅರ್ಧಕ್ಕೆ ನಿಲ್ಲುತ್ತವೆ. ಇಪ್ಪತ್ತನಾಲ್ಕು ಗಂಟೆ ಮೀರಿ ಪೊರೆ ಕಂದುಬಣ್ಣಕ್ಕೆ ತಿರುಗಿ ಒಣಗಿದ್ದರೆ ಮಾತ್ರ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಪೊರೆಯನ್ನು ತೇವಗೊಳಿಸಿ, ಬಿರುಕಿನ ಸುತ್ತಲಿನ ಚಿಪ್ಪನ್ನಷ್ಟೇ ಸಡಿಲಿಸಿ. ಎಳ್ಳಷ್ಟು ರಕ್ತ ಕಂಡರೂ ನಿಲ್ಲಿಸಿ ಹೇಂಟೆಯ ಅಡಿಗೆ ಇಟ್ಟುಬಿಡಿ.

ಹೊಟ್ಟೆಗೆ ಸೇರಿದ ಆ ಹಳದಿ ಭಾಗವೇ ಮರಿಗೆ ಎರಡು ದಿನದ ಆಹಾರ. ಆದ್ದರಿಂದ ಮೊದಲು ಹುಟ್ಟಿದ ಮರಿಗಳು ಹಸಿದಿವೆಯೆಂದು ತಾಯಿಯನ್ನು ಎಬ್ಬಿಸಬೇಡಿ. ಎಲ್ಲವೂ ಹೊರಬಂದ ಮೇಲೆ ತಾನೇ ಏಳುತ್ತದೆ. ಆಗ ಒಡೆಯದೆ ಉಳಿದ ಮೊಟ್ಟೆಗಳನ್ನು ಮತ್ತೊಂದು ದಿನ ನೋಡಿ, ದೂರದಲ್ಲಿ ಹೂತುಬಿಡಿ.


ಉತ್ತರ: ಮಸಾರಿಹೊಲ (ರಾಯಚೂರು)

ಮರಿಗಳು ಇಳಿದ ಮೇಲಿನದ್ದು ಇನ್ನೂ ದೊಡ್ಡ ಕೆಲಸ. ಮೊದಲ ಹತ್ತು ಹನ್ನೆರಡು ದಿನ ತಾಯಿ ಮರಿಗಳನ್ನು ಕುಕ್ಕೆಯ ಅಡಿಯಲ್ಲಿಯೇ ಇರಿಸಿ. ಕಾಗೆ, ಹದ್ದುಗಳ ಕಣ್ಣಿಗೆ ಬೀಳುವ ವಯಸ್ಸು ಅದೇ. ಕುಕ್ಕೆಯ ಮೇಲೆ ಭಾರದ ಕಲ್ಲು ಹೇರದಿದ್ದರೆ ಬೆಕ್ಕು ಉರುಳಿಸುತ್ತದೆ. ನೀರಿನ ತಟ್ಟೆ ಆಳವಿಲ್ಲದ್ದಾಗಿದ್ದು, ಅದರ ತುಂಬ ಸಣ್ಣ ಬೆಣಚುಕಲ್ಲುಗಳಿರಲಿ. ಮರಿ ಬೆರಳುದ್ದದ ನೀರಿನಲ್ಲಿಯೂ ಮುಳುಗಿ ಸಾಯುತ್ತದೆ. ಅಕ್ಕಿಯ ಸಣ್ಣ ನುಚ್ಚು, ಒಡೆದ ರಾಗಿ ಮೊದಲ ಎರಡು ದಿನಕ್ಕೆ ಸಾಕಾದರೂ ಬರೀ ಅದರಲ್ಲೇ ಬೆಳೆದ ಮರಿ ಪುಕ್ಕ ಬಿಡಲು ತಡಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಮರಿ ಆಹಾರವನ್ನು ಒಂದು ತಿಂಗಳು ಕೊಡುವುದು ಒಳ್ಳೆಯದು. ಗೆದ್ದಲು ಸಿಕ್ಕರೆ ತಾಯಿಯೇ ಕರೆದು ಕರೆದು ತಿನ್ನಿಸುತ್ತದೆ. ಮಳೆ ಹನಿಯಲ್ಲಿ ನೆಂದ ಮರಿಗಳು ಹೆಚ್ಚು ಹೊತ್ತು ಉಳಿಯುವುದಿಲ್ಲ, ಭರಣಿ ಮಳೆ ಹತ್ತಿರವಿರುವುದರಿಂದ ಸಂಜೆಯ ಮೋಡ ಕಂಡೊಡನೆ ಒಳಗೆ ಸೇರಿಸಿ.


ಉತ್ತರ: ನಿವೃತ್ತ ಪಶುವೈದ್ಯ

ಲಸಿಕೆಯ ವಿಷಯವೊಂದು ಉಳಿದಿದೆ. ಕೊಕ್ಕರೆ ರೋಗ ಊರಿಗೆ ಬಂದರೆ ಹಿತ್ತಲಿನ ಮರಿಗಳಲ್ಲಿ ಒಂದನ್ನೂ ಉಳಿಸುವುದಿಲ್ಲ. ಐದರಿಂದ ಏಳನೆಯ ದಿನದೊಳಗೆ ಲಸೋಟಾ ಅಥವಾ ಎಫ್-1 ಲಸಿಕೆಯನ್ನು ಪ್ರತಿ ಮರಿಯ ಕಣ್ಣಿಗೆ ಒಂದು ಹನಿ ಹಾಕಿಸಬೇಕು. ದೊಡ್ಡವಾದ ಮೇಲೆ, ಆರರಿಂದ ಎಂಟು ವಾರದ ಹೊತ್ತಿಗೆ, ಅದೇ ರೋಗಕ್ಕೆ ಆರ್‌-2-ಬಿ ಲಸಿಕೆಯ ಚುಚ್ಚುಮದ್ದೂ ಸಿಡುಬಿನ ಲಸಿಕೆಯೂ ಬೇಕಾಗುತ್ತವೆ. ತೊಡಕಿರುವುದು ಬೇರೆಡೆ: ಲಸಿಕೆಯ ಸೀಸೆಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಮರಿಗಳಿಗೆ ಸಾಕಾಗುವಷ್ಟು ಇರುತ್ತದೆ, ಒಮ್ಮೆ ದ್ರಾವಣದಲ್ಲಿ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿ ಇಟ್ಟಿರಬೇಕು. ಒಂಬತ್ತು ಮರಿಗಳಿಗಾಗಿ ಸೀಸೆ ಒಡೆಯಲು ಪಶು ಆಸ್ಪತ್ರೆಯವರು ಹಿಂದೆಮುಂದೆ ನೋಡುವುದು ಸಹಜ. ಆದ್ದರಿಂದ ನಿಮ್ಮ ಊರಿನಲ್ಲಿ ಈ ತಿಂಗಳು ಇನ್ನಾರ ಮನೆಯಲ್ಲಿ ಮರಿಗಳಿವೆಯೆಂದು ಈಗಲೇ ವಿಚಾರಿಸಿಟ್ಟುಕೊಂಡು, ಎಲ್ಲರಿಗೂ ಒಪ್ಪುವ ಒಂದು ದಿನ ಗೊತ್ತುಮಾಡಿ, ಬೆಳಗಿನ ತಂಪಿನಲ್ಲಿ ಒಂದೇ ಕಡೆ ಸೇರಿಸಿ ಹಾಕಿಸಿ. ಸೀಸೆ ತರಲು ಹೋಗುವಾಗ ಥರ್ಮಾಸ್‌ನಲ್ಲಿ ಮಂಜುಗಡ್ಡೆ ತುಂಬಿಕೊಂಡು ಹೋಗಿ.